ಒಲೆ ಎರಡಾದ ಮನೆಯಿಂದ ಪುನರುದ್ಯೋಗ ಕಚೇರಿಗೆ

ಪುನರುದ್ಯೋಗ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಿಮ್ಮ ಕಚೇರಿಯ ನಿಯಮದಿಂದಾಗಿ ನಮ್ಮ ಮನೆ ಎರಡಾಯಿತು. ಮೊದಲು ಕಾಗದದ ಮೇಲೆ, ಆಮೇಲೆ ಅಡುಗೆಮನೆಯಲ್ಲಿ, ಕೊನೆಗೆ ನಿಜವಾಗಿಯೂ. ಈಗ ಅದನ್ನು ಒಂದು ಮಾಡಿಕೊಡಿ ಎಂದರೆ ಅದಕ್ಕೆ ನಮ್ಮಲ್ಲಿ ನಮೂನೆ ಇಲ್ಲ ಎನ್ನುತ್ತೀರಿ. ನನ್ನ ದೂರು ಇಷ್ಟೇ, ಉಳಿದದ್ದೆಲ್ಲ ವಿವರ. ಆ ವಿವರವನ್ನು ಖುದ್ದಾಗಿ ಹೇಳಲು ನಿಮ್ಮಲ್ಲಿಗೆ ಬಂದಿದ್ದೆ. ಹಿಂದೆ ಜನ ಕಾಯುತ್ತಿದ್ದಾರೆ, ಚುಟುಕಾಗಿ ಹೇಳಿ ಎಂದು ಅಲ್ಲಿದ್ದವರು ಹೇಳಿದರು. ಪತ್ರಿಕೆ ಓದುವವರು ಸಾಲಿನಲ್ಲಿ ನಿಂತಿರುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮತ್ತು ನನ್ನ ನಾದಿನಿ ಪಿಂಗಾಣಿ ಕಾರ್ಖಾನೆಯಲ್ಲಿ ಕಪ್ಪುಗಳಿಗೆ ಹಿಡಿ ಅಂಟಿಸುತ್ತಿದ್ದೆವು. ಅಚ್ಚಿನಿಂದ ಬಂದ ಹಿಡಿಯ ಅಂಚನ್ನು ಅವಳು ಚಾಕುವಿನಿಂದ ಹೆರೆದು ಕೊಡುತ್ತಿದ್ದಳು. ನಾನು ಅದರ ಎರಡೂ ತುದಿಗೆ ತೆಳ್ಳಗೆ ಕಲಸಿದ ಮಣ್ಣು ಹಚ್ಚಿ ಹಸಿ ಕಪ್ಪಿಗೆ ಒತ್ತುತ್ತಿದ್ದೆ. ಅದೇನೂ ಮಹಾ ವಿದ್ಯೆಯಲ್ಲ, ಯಾರು ಬೇಕಾದರೂ ಕಲಿಯಬಹುದು. ಯಂತ್ರವೂ ಕಲಿಯಿತು. ನಾದಿನಿ ಮದುವೆ ಮುರಿದು ತವರಿಗೆ ಬಂದವಳು. ಬಂದ ವಾರದಲ್ಲೇ ನಾನು ಅವಳನ್ನು ಕಾರ್ಖಾನೆಗೆ ಕರೆದುಕೊಂಡು ಹೋಗಿ ನನ್ನ ಪಕ್ಕದ ಸ್ಟೂಲಿನಲ್ಲಿ ಕೂರಿಸಿದೆ. ಅಲ್ಲಿಂದ ಮುಂದೆ ಹಗಲೆಲ್ಲ ಒಂದೇ ಮೇಜು, ಸಂಜೆಯಾದರೆ ಒಂದೇ ಅಡುಗೆಮನೆ. ಜಗಳವಾಡಿ ಮುಖ ತಿರುಗಿಸಿಕೊಂಡು ಹೋಗಲು ಬೇರೆ ಜಾಗವೇ ಇರಲಿಲ್ಲವಾದ್ದರಿಂದ ನಾವು ಜಗಳವಾಡಿದ್ದು ಕಡಿಮೆ. ಮನೆಯಲ್ಲಿ ಇನ್ನಿಬ್ಬರು. ಒಬ್ಬರು ನನ್ನ ಅತ್ತೆ, ಅಂದರೆ ಅವಳ ತಾಯಿ. ಇನ್ನೊಬ್ಬರು ನನ್ನ ಗಂಡ, ಲಾರಿ ಓಡಿಸುವವರು, ತಿಂಗಳಲ್ಲಿ ಹೆಚ್ಚು ದಿನ ಬಂದರಿಗೂ ಗೋದಾಮುಗಳಿಗೂ ನಡುವೆ ರಸ್ತೆಯ ಮೇಲೆಯೇ ಇರುವವರು.

ಮೊದಲು ಯಂತ್ರ ಬಂತು. ಮೊಣಕೈ ಇರುವ, ಮೈ ಇಲ್ಲದ ಯಂತ್ರ. ಅದು ಹಿಡಿ ಅಂಟಿಸಲು ಶುರು ಮಾಡಿದ ಮೇಲೆ ನಮ್ಮ ಸಾಲಿನ ಅರ್ಧ ಜನ ಮನೆಗೆ ಹೋದರು. ಅದು ಮಾಡಿದ್ದನ್ನು ಒರೆಸಿ ಜೋಡಿಸಲು ನಾವಿಬ್ಬರೂ ಉಳಿದೆವು. ವರ್ಷ ತುಂಬುವ ಮೊದಲೇ ಮಾಲೀಕರಿಗೆ ಇನ್ನೊಂದು ವಿಷಯ ತಿಳಿಯಿತು: ಕಡಲಾಚೆಯ ದೇಶವೊಂದರಲ್ಲಿ ಸಿದ್ಧ ಕಪ್ಪುಗಳೇ ನಮ್ಮ ಹಸಿ ಮಣ್ಣಿಗಿಂತ ಅಗ್ಗ. ಭಟ್ಟಿ ಆರಿತು. ಯಂತ್ರದ ಬೋಲ್ಟು ಬಿಚ್ಚಿ ಪೆಟ್ಟಿಗೆಗೆ ಹಾಕುವುದನ್ನು ನೋಡಿ, ಪಾಪ, ಇದರ ಕೆಲಸವೂ ಹೋಯಿತಲ್ಲ ಎಂದು ನಮಗೆ ಸ್ವಲ್ಪ ಸಮಾಧಾನವಾಯಿತು. ಆಮೇಲೆ ನೋಡಿದರೆ ಅದಕ್ಕೆ ಆ ದೇಶಕ್ಕೇ ವರ್ಗವಾಗಿತ್ತು. ನಮ್ಮ ಸಾಲಿನಲ್ಲಿ ತಕ್ಷಣ ಪುನರುದ್ಯೋಗ ಸಿಕ್ಕಿದ್ದು ಅದೊಂದಕ್ಕೇ, ಅದೂ ನಿಮ್ಮ ಕಚೇರಿಯ ನೆರವಿಲ್ಲದೆ. ಈಗ ಕಾರ್ಖಾನೆಯಲ್ಲಿ ಒಂದು ಕೋಣೆ ಮಾತ್ರ ತೆರೆದಿರುತ್ತದೆ. ಹೊರಗಿನಿಂದ ಬಂದ ಕಪ್ಪುಗಳ ಅಡಿಗೆ ಅಲ್ಲಿ ನಮ್ಮ ಕಾರ್ಖಾನೆಯ ಮುದ್ರೆ ಒತ್ತುತ್ತಾರೆ. ಆ ಕಪ್ಪುಗಳನ್ನು ಬಂದರಿನಿಂದ ತರುವ ಲಾರಿಗಳಲ್ಲಿ ಒಂದನ್ನು ನನ್ನ ಗಂಡ ಓಡಿಸುತ್ತಾರೆ. ಹಾಗಾಗಿ ಜಾಗತಿಕ ವ್ಯಾಪಾರದಿಂದ ನಮ್ಮ ಮನೆಗೆ ಏನೂ ದಕ್ಕಿಲ್ಲ ಎಂದರೆ ಸುಳ್ಳಾಗುತ್ತದೆ.

ಭಟ್ಟಿ ಆರಿದ ವಾರ ತಾವು ಕಾರ್ಖಾನೆಯ ಅಂಗಳಕ್ಕೆ ಬಂದು ಭಾಷಣ ಮಾಡಿದಿರಿ. ಕಪ್ಪಿನ ಬೆಲೆ ಇಳಿದಿದೆ, ಗ್ರಾಹಕರಾಗಿ ನೀವೆಲ್ಲ ಲಾಭದಲ್ಲಿದ್ದೀರಿ ಎಂದಿರಿ. ನಾನು ಮನೆಗೆ ಬಂದು ಈ ಬಗ್ಗೆ ಪ್ರಾಮಾಣಿಕವಾಗಿ ಯೋಚಿಸಿದೆ. ಗ್ರಾಹಕಳಾಗಿ ನಾನು ಗೆದ್ದಿದ್ದೇನೆ, ಕೆಲಸಗಾತಿಯಾಗಿ ಸೋತಿದ್ದೇನೆ, ಒಪ್ಪಿದೆ. ತೊಂದರೆಯೆಂದರೆ ಗೆದ್ದವಳು ಅಂಗಡಿಗೆ ಹೊರಟಾಗ ಸೋತವಳ ಪರ್ಸನ್ನೇ ಹಿಡಿದುಕೊಂಡು ಹೋಗಬೇಕು. ಕಡಲಾಚೆಯ ಹೆಂಗಸರ ಮೇಲೆ ನನಗೆ ಸಿಟ್ಟಿಲ್ಲ. ಆ ಮೊಣಕೈ ಈಗ ಅವರ ಮೇಜಿನ ಮೇಲಿದೆ. ಅಲ್ಲೂ ಯಾರೋ ಒಬ್ಬ ಮಾನ್ಯರು ಅಂಗಳದಲ್ಲಿ ನಿಂತು ಇದೇ ಭಾಷಣ ಮಾಡಿರಬಹುದು. ಹಾಗಾದರೆ ಅವರ ಕೈಯಿಂದಲೂ ನಮ್ಮ ಕೈಯಿಂದಲೂ ಜಾರಿದ ಸಂಬಳ ಯಾವ ದೇಶಕ್ಕೆ ಹೋಗಿ ಇಳಿದುಕೊಂಡಿತು? ನಿಮ್ಮ ಭಾಷಣ ದೀರ್ಘವಾಗಿತ್ತು, ಆದರೆ ಈ ಭಾಗ ಬರುವ ಮೊದಲೇ ಮುಗಿಯಿತು.

ಭಾಷಣದ ಕೊನೆಗೆ ಯೋಜನೆ ಘೋಷಿಸಿದಿರಿ: ಕೆಲಸ ಕಳೆದುಕೊಂಡ ಪ್ರತಿ ಕುಟುಂಬಕ್ಕೆ ಒಂದು ಹೊಸ ಕೆಲಸ. ಕುಟುಂಬ ಎಂದರೆ ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರು. ಕೆಲಸ ಕಿತ್ತುಕೊಳ್ಳುವಾಗ ನಮ್ಮ ಮನೆಗೆ ಬಂದು ಯಾರೂ ಒಲೆ ನೋಡಲಿಲ್ಲ, ಇಬ್ಬರದನ್ನೂ ಕಿತ್ತುಕೊಂಡರು. ಕೊಡುವಾಗ ಮಾತ್ರ ಒಲೆ ನೋಡುವ ಪದ್ಧತಿ. ಒಲೆ ಬೇರೆ ಇದ್ದರೆ ಇಬ್ಬರಿಗೂ ಸಿಗುತ್ತದೆ ಎಂದು ನಿಮ್ಮ ಕಚೇರಿಯವರೇ ಒಬ್ಬರು ಮೆಲ್ಲಗೆ ಹೇಳಿದರು. ಯಾರೆಂದು ಇಲ್ಲಿ ಬರೆಯುವುದಿಲ್ಲ. ಅವರಿಗೂ ಕುಟುಂಬವಿದೆ, ಒಲೆಯೂ ಇರಬೇಕು.

ನಾವು ಎರಡನೆಯ ಒಲೆ ತಂದೆವು. ಅಡುಗೆಮನೆಯ ನಡುವೆ ಹಳೆಯ ಹೊದಿಕೆಯೊಂದನ್ನು ಪರದೆ ಕಟ್ಟಿದೆವು. ಪರಿಶೀಲನೆಗೆ ಬರುವವರು ಬೇರೆಯಾದ ಕಾರಣ ಕೇಳುತ್ತಾರೆ ಎಂದು ಗೊತ್ತಿತ್ತು. ನಲ್ಲಿ ನೀರು ಹಿಡಿಯುವ ವಿಷಯಕ್ಕೆ ಜಗಳವಾಯಿತು ಎಂದು ಹೇಳುವುದಾಗಿ ತೀರ್ಮಾನಿಸಿ, ಎದುರುಬದುರು ಕೂತು ಅಭ್ಯಾಸ ಮಾಡಿ, ನಗು ತಡೆಯಲಾಗದೆ ಎದ್ದು ಹೋದೆವು. ಗಂಡನಿಗೆ ಫೋನು ಮಾಡಿದರೆ, "ನಾಟಕ ತಾನೇ, ಆಡಿ. ನಾನು ಬರೋಷ್ಟರಲ್ಲಿ ಮುಗಿಸಿ" ಎಂದರು. ಅತ್ತೆ ಮಾತ್ರ, "ನನ್ನನ್ನ ಯಾವ ಒಲೆಗೆ ಬರೀತೀರ?" ಎಂದು ಕೇಳಿದರು.

"ನೀವೇ ಹೇಳಿ ಅತ್ತೆ."

"ಬೆಳಿಗ್ಗೆ ಯಾವುದು ಮೊದಲು ಹಚ್ತೀರೋ ಅದಕ್ಕೆ ಬರೀರಿ."

ಬೆಳಿಗ್ಗೆ ಮೊದಲು ಏಳುವವಳು ನಾನು. ಅತ್ತೆ ನನ್ನ ಒಲೆಗೆ ಬಂದರು.

ನೀವು ಕಳುಹಿಸಿದ ಪರಿಶೀಲಕರು ಸಭ್ಯರು, ಅದನ್ನು ಹೇಳಲೇಬೇಕು. ಎರಡೂ ಒಲೆಗಳ ಹತ್ತಿರ ಅಂಗೈ ಹಿಡಿದು ಬಿಸಿ ನೋಡಿದರು. ಎರಡೂ ಬಿಸಿಯಾಗಿದ್ದವು.

"ಯಾಕೆ ಬೇರೆ ಆದ್ರಿ?" ಎಂದು ನನ್ನನ್ನು ಕೇಳಿದರು.

"ನೀರು ಹಿಡಿಯೋ ವಿಷಯಕ್ಕೆ ಜಗಳ ಆಯ್ತು ಸಾರ್."

ಅವರು ಬರೆದುಕೊಳ್ಳಲಿಲ್ಲ. "ಈ ಬೀದೀಲಿ ಆಗಲೇ ಬೇಕಾದಷ್ಟು ಮನೆ ನೀರಿಗೇ ಒಡೆದಿವೆ. ಮೇಲಿನವರು ನನ್ನನ್ನ ಕೇಳ್ತಾರೆ ಅಮ್ಮ. ಸರಿಯಾದ ಕಾರಣ ಏನಾದ್ರೂ ಇದ್ರೆ ಹೇಳಿ."

ಆಗ ಪರದೆಯ ಆ ಕಡೆಯಿಂದ ನಾದಿನಿ ಹೇಳಿದಳು: "ನಾನು ಹೇಳ್ತೀನಿ, ಬರ್ಕೊಳ್ಳಿ. ಅತ್ತಿಗೆ ನನ್ನನ್ನ ಚೆನ್ನಾಗೇ ನೋಡ್ಕೊಂಡಿದ್ದಾರೆ, ಒಂದು ದಿನ ಒಂದು ಮಾತು ಅಂದಿಲ್ಲ. ನೆಂಟರಿಗೆ ಯಾರಾದ್ರೂ ಏನಾದ್ರೂ ಅಂತಾರಾ? ನೆಂಟರ ಹಾಗೇ ಎಷ್ಟು ವರ್ಷ ಅಂತ ಇರೋದು? ಈ ಮನೇಲಿ ಒಂದು ಸೌಟು ಎಲ್ಲಿಡಬೇಕು ಅನ್ನೋದನ್ನೂ ನಾನು ಕೇಳಿ ಇಡಬೇಕು. ಸಂಬಳ ತಂದು ಕೊಡೋವಾಗ ಮಾತ್ರ ಯಾರನ್ನೂ ಕೇಳಬೇಕಾಗಿರಲಿಲ್ಲ."

ಅವಳ ದನಿ ಏರಲಿಲ್ಲ. ಮೇಜಿನ ಮೇಲೆ ಹಿಡಿ ಸರಿಸಿ ಕೊಡುವಾಗ ಮಾತಾಡುತ್ತಿದ್ದ ಹಾಗೆಯೇ ಇತ್ತು. ಪರಿಶೀಲಕರು ಪೂರ್ತಿ ಬರೆದುಕೊಂಡು, "ಇದು ಸರಿಯಾಗಿದೆ" ಎಂದರು. ಇಬ್ಬರಿಗೂ ಮಂಜೂರಾಯಿತು.

ಅವರು ಹೋದ ಮೇಲೆ ಪರದೆ ಸರಿಸಿ, "ಚೆನ್ನಾಗಿ ಆಡಿದೆ ಕಣೇ" ಎಂದೆ. ಅವಳು ಒಲೆಯ ಸುತ್ತ ಒರೆಸುತ್ತಿದ್ದಳು. "ಒಪ್ಕೊಂಡ್ರಲ್ಲ ಅತ್ತಿಗೆ, ಸಾಕು" ಎಂದಳು. ನಾಟಕ ಎಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ನಾನೂ ಕೆದಕಲಿಲ್ಲ. ಹೇಳದೆ ಮತ್ತೆ ಬಂದು ನೋಡುವ ಅಧಿಕಾರ ನಿಮ್ಮವರಿಗೆ ಇದ್ದುದರಿಂದ ಪರದೆಯನ್ನು ಹಾಗೆಯೇ ಬಿಡಬೇಕಾಯಿತು. ಮೊದಮೊದಲು ಅವಳು ನನಗೂ ಸೇರಿಸಿ ಚಹಾ ಇಡುತ್ತಿದ್ದಳು. ಆಮೇಲೆ ಅವರವರ ಚಹಾ ಅವರವರು ಮಾಡಿಕೊಂಡೆವು. ಪರದೆಯ ಆ ಕಡೆ ಅವಳು ಗೋಡೆಗೆ ಮೊಳೆ ಹೊಡೆದು ಸೌಟುಗಳನ್ನು ಸಾಲಾಗಿ ನೇತುಹಾಕಿದ್ದಳು. ಅಡುಗೆ ಮಾಡುತ್ತಾ ಗುನುಗುತ್ತಿದ್ದಳು. ಒಂದೇ ಒಲೆ ಇದ್ದಷ್ಟು ವರ್ಷ ಅವಳು ಗುನುಗಿದ್ದನ್ನು ನಾನು ಕೇಳಿರಲಿಲ್ಲ. ಇದು ಏನೆಂದು ನನಗೂ ಅರ್ಥವಾಗುತ್ತಿತ್ತು, ಆದರೆ ಅರ್ಥವಾಗದವಳ ಹಾಗೆ ಇದ್ದೆ.

ನೀವು ಕೊಡಿಸಿದ ಕೆಲಸದ ಬಗ್ಗೆಯೂ ಎರಡು ಮಾತು. ದೊಡ್ಡ ಅಂಗಡಿಯೊಂದರಲ್ಲಿ ಬಿಲ್ ಮಾಡುವವರನ್ನು ತೆಗೆದು, ಗಿರಾಕಿಗಳೇ ಬಿಲ್ ಮಾಡಿಕೊಳ್ಳುವ ಯಂತ್ರಗಳನ್ನು ಇಟ್ಟಿದ್ದರು. ಅವುಗಳ ಪಕ್ಕ ನಿಂತು ಗಿರಾಕಿಗಳಿಗೆ ಕಲಿಸುವುದು ನಮ್ಮ ಕೆಲಸ. ನಾನು ಒಂದು ತುದಿಯಲ್ಲಿ, ಅವಳು ಇನ್ನೊಂದು ತುದಿಯಲ್ಲಿ. ತೋರಿಸಬೇಕು, ಮುಟ್ಟಬಾರದು. ವಯಸ್ಸಾದವರೊಬ್ಬರು ಯಾವಾಗಲೂ ನಾದಿನಿಯ ಕಡೆಗೇ ಹೋಗಿ, "ನೀನೇ ಮಾಡ್ಬಿಡಮ್ಮ" ಎಂದು ಬುಟ್ಟಿ ಮುಂದಿಡುತ್ತಿದ್ದರು. ಅವಳು ಅವರಿಗೆ ಪ್ರತಿಸಲವೂ ಮೊದಲಿನಿಂದ ಕಲಿಸುತ್ತಿದ್ದಳು. ಮ್ಯಾನೇಜರು ಮೊದಲ ದಿನವೇ ಸ್ಪಷ್ಟವಾಗಿ ಹೇಳಿದ್ದರು: "ನಿಮ್ಮನ್ನ ಯಾರೂ ಕರೆಯದ ದಿನ ಬಂತು ಅಂದ್ರೆ ನೀವು ಚೆನ್ನಾಗಿ ಕೆಲಸ ಮಾಡಿದ್ದೀರಿ ಅಂತ ಅರ್ಥ." ನಾವು ಚೆನ್ನಾಗಿಯೇ ಮಾಡಿದೆವು. ಆ ದಿನ ಬಂತು. ಇಬ್ಬರನ್ನೂ ಹೊಗಳಿ ಮನೆಗೆ ಕಳಿಸಿದರು. ಇಂಥ ಕೆಲಸವನ್ನು ಹುಡುಕಿಕೊಡಲು ಒಂದು ಇಲಾಖೆಯೇ ಬೇಕಾಗಿತ್ತೇ ಮಾನ್ಯರೇ? ಯಂತ್ರಕ್ಕೆ ಜಾಗ ಬಿಟ್ಟು ಮನೆಗೆ ಹೋಗುವುದು ನಮ್ಮ ಕಾರ್ಖಾನೆಯಲ್ಲಿ ಪುಕ್ಕಟೆಯಾಗಿಯೇ ಆಗಿತ್ತಲ್ಲ?

ಆಮೇಲೆ ನಿಮ್ಮ ಎರಡನೆಯ ಯೋಜನೆ ಬಂತು. ದೂರದ ನಗರದ ದೊಡ್ಡ ಗೋದಾಮಿನಲ್ಲಿ ಕೆಲಸ, ಇರಲು ಕೋಣೆ. ಆದರೆ ಒಬ್ಬರೇ ಇರುವ ಕುಟುಂಬಕ್ಕೆ ಮಾತ್ರ. ನನ್ನ ಒಲೆಗೆ ಗಂಡ ಮತ್ತು ಅತ್ತೆ ಇದ್ದರು. ನಾದಿನಿಯ ಒಲೆಗೆ ನಾದಿನಿ ಮಾತ್ರ. ಪತ್ರ ಬಂದ ದಿನವೇ ಅವಳು ಒಪ್ಪಿಗೆ ಬರೆದು ಕಳಿಸಿದಳು. ಅತ್ತೆ ಎರಡು ದಿನ ಯಾವ ಒಲೆಯ ಊಟವನ್ನೂ ಸರಿಯಾಗಿ ಮಾಡಲಿಲ್ಲ. ಗಂಡ ಫೋನಿನಲ್ಲಿ, "ನಾಟಕ ಅಂದಿದ್ರಲ್ಲೇ?" ಎಂದರು.

ಬಸ್ ನಿಲ್ದಾಣಕ್ಕೆ ಬಿಡಲು ಹೋದವಳು ನಾನೇ. ಬೆಂಚಿನ ಮೇಲೆ ಅವಳ ಚೀಲವನ್ನು ನಡುವೆ ಇಟ್ಟುಕೊಂಡು ಕೂತಿದ್ದೆವು. ಕೊನೆಗೂ ಕೇಳಿದೆ: "ಆವತ್ತು ಆ ಮನುಷ್ಯನ ಹತ್ರ ಹೇಳಿದ್ಯಲ್ಲ, ಅದು ನಿಜಾನಾ?"

"ನಿಜ ಅತ್ತಿಗೆ" ಎಂದಳು. "ಆದ್ರೆ ಆತ ಕೇಳದೇ ಇದ್ದಿದ್ರೆ ಸಾಯೋವರೆಗೂ ಹೇಳ್ತಿರಲಿಲ್ಲ. ಅಷ್ಟೇನೂ ಕಷ್ಟ ಇರಲಿಲ್ಲ ನಂಗೆ. ಹೇಳಿದ ಮೇಲೇನೇ ದೊಡ್ಡದಾಗಿದ್ದು."

"ಸೌಟು ಎಲ್ಲಿ ಬೇಕಾದ್ರೂ ಇಡು. ಹೋಗ್ಬೇಡ."

"ಬಸ್ ಬಂತು" ಎಂದಳು. ಬಂದಿತ್ತು ಕೂಡ.

ಮಾನ್ಯರೇ, ಅವಳು ಹೇಳಿದ್ದು ನಿಜವಾದರೆ ತಪ್ಪು ನಿಮ್ಮದು ಹೇಗಾಯಿತು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಮನೆಯಲ್ಲಿ ಕೊರತೆ ಇತ್ತು, ಅದರಲ್ಲಿ ನನ್ನ ಪಾಲೇ ದೊಡ್ಡದು. ಆದರೆ ಯಾವ ಮನೆಯಲ್ಲಿ ಇಲ್ಲ? ನಿಮ್ಮ ಮನೆಗೆ ಒಬ್ಬ ಸಭ್ಯ ಮನುಷ್ಯ ಪೆನ್ನು ಹಿಡಿದು ಬಂದು, ನೀವು ಯಾಕೆ ಬೇರೆಯಾಗಬೇಕು, ಸರಿಯಾದ ಕಾರಣ ಕೊಟ್ಟರೆ ಸಂಬಳ ಕೊಡುತ್ತೇವೆ ಎಂದು ಕೇಳಿದರೆ ಯಾರ ಬಾಯಿಂದ ಏನು ಬರುತ್ತದೆ ಎಂದು ನಿಮಗೆ ಗೊತ್ತಿದೆಯೇ? ನಾವಿಬ್ಬರೂ ಕೆಲಸದಲ್ಲಿ ಇದ್ದಿದ್ದರೆ ಆ ಮಾತು ಎಂದಾದರೊಂದು ದಿನ ಮೇಜಿನ ಮೇಲೆ, ಕೈಯಲ್ಲಿ ಮಣ್ಣು ಇರುವಾಗ, ಅರ್ಧ ತಮಾಷೆಯಾಗಿ ಬಂದು ಹೋಗುತ್ತಿತ್ತು. ನಾನು ಬೈದು, ಅವಳು ನಕ್ಕು, ಸಂಜೆಗೆ ಒಂದು ಮೊಳೆ ಹೊಡೆಯುತ್ತಿದ್ದೆವು.

ಈಗಿನ ವಿಷಯ. ಆ ಗೋದಾಮಿನ ಶಾಖೆಯೊಂದು ನಮ್ಮ ಊರಿನ ಹೊರಗೆ ತೆರೆದಿದೆ. ಕುಟುಂಬ ಇರುವ ಊರಿಗೆ ವರ್ಗ ಕೊಡುತ್ತಾರಂತೆ. ನಿಮ್ಮ ದಾಖಲೆಯಲ್ಲಿ ನಾದಿನಿಗೆ ಕುಟುಂಬವಿಲ್ಲ. ಅದನ್ನು ತಿದ್ದಿಸಲು ನಿಮ್ಮ ಕಚೇರಿಗೆ ಬಂದೆ. ಕಿಟಕಿಗಳು ಮುಚ್ಚಿದ್ದವು, ಅವುಗಳ ಜಾಗದಲ್ಲಿ ಬೆರಳಲ್ಲಿ ಒತ್ತುವ ಪರದೆಯ ಯಂತ್ರವೊಂದು ನಿಂತಿತ್ತು. ಮೊದಲು ಕಿಟಕಿಯಲ್ಲಿ ಕೂರುತ್ತಿದ್ದ ಗುಮಾಸ್ತರು ಅದರ ಪಕ್ಕ ನಿಂತು ಜನರಿಗೆ ಒತ್ತುವುದನ್ನು ಕಲಿಸುತ್ತಿದ್ದರು. ಅದರಲ್ಲಿ ಕುಟುಂಬ ವಿಭಜನೆ ಎಂದಿತ್ತು, ವಿಳಾಸ ಬದಲಾವಣೆ ಎಂದಿತ್ತು, ಮರಣ ಎಂದಿತ್ತು. ಸೇರುವುದು ಎಲ್ಲೂ ಇರಲಿಲ್ಲ.

"ಸೇರೋಕೆ ಏನು ಒತ್ತಬೇಕು ಸಾರ್?"

ಅವರು ಪಾಪ ಎಲ್ಲವನ್ನೂ ತೆರೆದು ನೋಡಿದರು. "ಇದುವರೆಗೆ ಯಾರೂ ಕೇಳಿಲ್ಲಮ್ಮ. ಮರಣ ಒತ್ತಿದ್ರೆ ಹೆಸರು ತೆಗೀತಾರೆ, ಸೇರಿಸಲ್ಲ." ಮಾತಿನ ನಡುವೆ, ಜನ ಬೇಗ ಕಲಿಯುತ್ತಿದ್ದಾರೆ ಎಂದು ಸಂತೋಷದಿಂದ ಹೇಳಿದರು. ಅಷ್ಟು ಚೆನ್ನಾಗಿ ಕಲಿಸಬೇಡಿ ಎಂದು ಅವರಿಗೆ ಹೇಳಿ ಬಂದಿದ್ದೇನೆ.

ಮನೆಯಲ್ಲಿ ಪರದೆ ಬಿಚ್ಚಿದ್ದೇನೆ. ಎರಡನೆಯ ಒಲೆಯನ್ನು ಮಾರಲು ಅತ್ತೆ ಬಿಡುತ್ತಿಲ್ಲ. ವಾರದ ರಜೆಯಲ್ಲಿ ನಾದಿನಿ ಅವರಿಗೆ ಫೋನು ಮಾಡುತ್ತಾಳೆ. ಆಮೇಲೆ ಫೋನು ನನ್ನ ಕೈಗೆ ಬರುತ್ತದೆ. ಅಲ್ಲಿ ಚಳಿ ಇದೆಯೇ, ಇಲ್ಲಿ ನೀರು ಬಂತೇ ಎಂದು ಮಾತಾಡಿ ಇಡುತ್ತೇವೆ.

ಆದ್ದರಿಂದ ನನ್ನ ಬೇಡಿಕೆ. ಕುಟುಂಬವನ್ನು ಒಲೆಯಿಂದ ಅಳೆಯುವ ನಿಯಮವನ್ನು ತೆಗೆದುಹಾಕಿ. ಕೆಲಸ ಹೋದದ್ದು ಮನುಷ್ಯರದ್ದು, ಕೆಲಸ ಕೊಡುವುದಾದರೆ ಮನುಷ್ಯರಿಗೆ ಕೊಡಿ. ಹಾಗೆಯೇ, ಬೇರೆಯಾದವರು ಮತ್ತೆ ಸೇರಲು ಒಂದು ನಮೂನೆ ಮಾಡಿಸಿ, ವರ್ಗಾವಣೆಯ ಅರ್ಜಿ ಹಾಕುವ ಕೊನೆಯ ದಿನಕ್ಕೆ ಮೊದಲು ಅದು ನಮ್ಮ ಕೈಗೆ ಸಿಗುವಂತೆ ಮಾಡಿ. ಒಂದು ಹಾಳೆ ಸಾಕು, ಎರಡು ಸಹಿಗೆ ಜಾಗವಿರಲಿ. ಅವಳು ಸಹಿ ಹಾಕುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಇನ್ನೂ ಕೇಳಿಲ್ಲ. ಕೇಳುವ ಕೆಲಸ ನನ್ನದು, ಅದಕ್ಕೆ ನಿಮ್ಮ ಯಾವ ಯೋಜನೆಯ ನೆರವೂ ಬೇಡ. ಹಾಳೆ ಮಾತ್ರ ನೀವು ಕೊಡಬೇಕು.

ಇಂತಿ,
ನಿಮ್ಮ ದಾಖಲೆಯಲ್ಲಿ ಕುಟುಂಬ ಒಂದರ ಯಜಮಾನಿ,
ಫೋನಿನಲ್ಲಿ ಮಾತ್ರ ಇನ್ನೂ ಅತ್ತಿಗೆ