ಬೆಲ್ಟಿಗೆ ಕಟ್ಟಿದ ಕೆಂಪು ದಾರ

ರವಿವಾರದ ಬಸ್ಸಿನ ನನ್ನ ಜೊತೆಗಾರರಾದ ಗುರುನಾಥರಾಯರೆ,

ಮೊದಲು ಒಂದು ತಿದ್ದುಪಡಿ. ನಿಮ್ಮ ನೆನಪಿಗಾಗಿ ಬಸವನ ಬಾಗೇವಾಡಿಯಲ್ಲಿ ಗೆಳೆಯರು ಕೂಡಿಸಿದ ಸಭೆಯಲ್ಲಿ ನಾನು ಐದು ಪುಟಗಳ ಲೇಖನವನ್ನು ಓದಿದೆ. ನಿಮ್ಮ ಎರಡು ಕಣ್ಣಿನ ಜರ್ಮನ್ ಕ್ಯಾಮೆರಾವನ್ನು ನೀವು ಸೊಲ್ಲಾಪುರದಲ್ಲಿ ಕೊಂಡಿರಿ ಎಂದು ಅದರಲ್ಲಿ ಬರೆದಿದ್ದೆ. ಅದು ತಪ್ಪು. ವಾಕ್ಯ ಮುಗಿಯುವುದಕ್ಕೂ ಬಿಡದೆ ಮುಂದಿನ ಸಾಲಿನಿಂದ ನಿಮ್ಮ ಮನೆಯವರಾದ ವೈನಿಯವರು, "ಸೊಲ್ಲಾಪುರ ಅಲ್ರಿ ಮಾಸ್ತರ, ಪಂಢರಪುರ. ದರ್ಶನಕ್ಕಂತ ನನ್ನ ಕರಕೊಂಡು ಹೋಗಿ, ಪಾಳಿಯೊಳಗ ನಿಲ್ಲಿಸಿ, ತಾವು ಕ್ಯಾಮೆರಾ ತರಲಿಕ್ಕೆ ಹೋಗಿದ್ರು. ದೇವರ ಮುಂದ ನಾ ಒಬ್ಬಾಕೀನ ನಿಂತೆ" ಎಂದರು. ಸಭೆ ನಕ್ಕಿತು. ನಾನು ಪೆನ್ನು ತೆಗೆದು ನಿಂತಲ್ಲೇ ತಿದ್ದಿಕೊಂಡೆ.

ಆದರೆ ನಾಲ್ಕನೆಯ ಪುಟದಲ್ಲಿ ಇನ್ನೊಂದು ವಾಕ್ಯವಿತ್ತು: "ರಾಯರ ಕ್ಯಾಮೆರಾದಲ್ಲಿ ಉಳಿದಿದ್ದ ಕೊನೆಯ ರೀಲು ಬೇಸಿಗೆಯ ಝಳಕ್ಕೆ ಹಾಳಾಯಿತು." ಅದನ್ನು ಯಾರೂ ತಿದ್ದಲಿಲ್ಲ. ತಿದ್ದಬಲ್ಲವನು ಆ ಸಭೆಯಲ್ಲಿ ನಾನೊಬ್ಬನೇ ಇದ್ದೆ, ಓದುತ್ತಿದ್ದವನೂ ನಾನೇ. ರಾಯರೆ, ಬೇಸಿಗೆಯ ತಪ್ಪು ಅದರಲ್ಲಿ ಎಳ್ಳಷ್ಟೂ ಇಲ್ಲ. ಆ ರೀಲಿಗೆ ಬೆಳಕು ತಗಲಿಸಿದವನು ನಾನು. ಮೂವತ್ತೆಂಟು ವರ್ಷ ಮಕ್ಕಳನ್ನು ಬೆಂಚಿನ ಪಕ್ಕದಲ್ಲಿ ನಿಲ್ಲಿಸಿ ನಿಜ ಹೇಳಿಸಿದ ನಾನು, ಧ್ವನಿವರ್ಧಕದ ಮುಂದೆ ನಿಂತು ಸುಳ್ಳು ಓದಿದೆ. ಇಷ್ಟನ್ನು ಬರೆದು ಎದ್ದುಹೋಗಿ, ಅಂಗಳದಲ್ಲಿ ಎರಡು ಸುತ್ತು ಹಾಕಿ, ಮತ್ತೆ ಬಂದು ಕುಳಿತಿದ್ದೇನೆ.

ನಮ್ಮ ಹುಚ್ಚು ಆರಂಭವಾದದ್ದು ಮುದ್ದೇಬಿಹಾಳದಲ್ಲಲ್ಲವೆ? ಆಲಮಟ್ಟಿಯ ಯೋಜನಾ ಕಚೇರಿಯಲ್ಲಿ ಕಾಲುವೆಗಳ ನಕ್ಷೆ ಬರೆದು ನಿವೃತ್ತರಾದ ನೀವು, ಬಾಗಿಲು ಮುಚ್ಚುತ್ತಿದ್ದ ಸ್ಟುಡಿಯೊಗಳನ್ನು ಹುಡುಕಿಕೊಂಡು ತಿರುಗುತ್ತಿದ್ದಿರಿ. ನನ್ನನ್ನು ಕರೆದೊಯ್ದದ್ದು ಮಾತಿನ ಜೊತೆಗೆಂದು. ಬೀರುವಿನ ಮೇಲಿನಿಂದ ಧೂಳು ಹಿಡಿದ ಒಂದು ಪೆಟ್ಟಿಗೆ ಕ್ಯಾಮೆರಾವನ್ನು ಇಳಿಸುತ್ತ ಆ ಸ್ಟುಡಿಯೊದ ಯಜಮಾನರು, "ಇದರ ರೀಲ್ ಈ ಜಿಲ್ಲಾದಾಗ ಎಲ್ಲೂ ಸಿಗೂದಿಲ್ರಿ. ಒಯ್ದು ಏನ್ ಮಾಡ್ತೀರಿ?" ಎಂದು ಕೇಳಿದರು. ನೀವು ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗಿನ ಬೂಷ್ಟನ್ನು ಪರೀಕ್ಷಿಸುತ್ತಲೇ, "ದಿನಾ ಒಮ್ಮೆ ಗುಂಡಿ ಒತ್ತಿ ಸಪ್ಪಳ ಕೇಳ್ತೇನ್ರಿ. ಹಾಡು ಕೇಳಲಿಕ್ಕೆ ರೇಡಿಯೊ ಇಟಗೊಂಡಂಗ" ಎಂದಿರಿ. "ಹಂಗಾರ ಒಯ್ಯಿರಿ. ನಮ್ಮಪ್ಪ ಈ ಸಪ್ಪಳದ ಮ್ಯಾಲ ನಾಕು ಮಂದೀನ ಸಾಕ್ಯಾನ" ಎಂದು ಅವರು ತಮ್ಮ ಅಂಗಿಯ ತುದಿಯಿಂದಲೇ ಧೂಳೊರೆಸಿ ಕೊಟ್ಟರು. ಅಂದು ಬಸ್ಸಿನಲ್ಲಿ ಅದನ್ನು ನನ್ನ ತೊಡೆಯ ಮೇಲಿಟ್ಟಿರಿ. ಮೇಲಿನ ಮುಚ್ಚಳ ತೆರೆದು ಗಾಜಿನೊಳಗೆ ನೋಡಿದೆ. ಹಾದುಹೋಗುತ್ತಿದ್ದ ಹೊಲ, ಕಾಲುವೆ, ಎತ್ತು, ಎಲ್ಲವೂ ಅಂಗೈಯಗಲದಲ್ಲಿ ಹೊಳೆಯುತ್ತ ತಿರುವುಮುರುವಾಗಿ ಓಡುತ್ತಿದ್ದವು. ಆಮೇಲೆ ನನಗೆ ಯಾವ ರವಿವಾರವೂ ಮನೆಯಲ್ಲಿ ಕುಳಿತಿರಲು ಸಾಧ್ಯವಾಗಲಿಲ್ಲ.

ನೀವು ಬಾಗೇವಾಡಿಯಿಂದ, ನಾನು ಇಂಡಿಯಿಂದ. ಸಿಂದಗಿಯ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಭೇಟಿ. ಒಂದು ರೀಲಿಗೆ ಹನ್ನೆರಡೇ ಚಿತ್ರಗಳು, ಒಂದು ರವಿವಾರಕ್ಕೆ ಒಂದೇ ಚಿತ್ರ. ಅದು ನಿಮ್ಮ ಶಾಸನ. ತೆಗೆದ ಕೂಡಲೆ ಜೇಬಿನ ಪುಸ್ತಕದಲ್ಲಿ ಕ್ರಮಸಂಖ್ಯೆ, ಸ್ಥಳ, ತಾರೀಖು, ಗಂಟೆ, ನಿಮಿಷ. "ನಿಮಿಷವೇಕೆ?" ಎಂದು ನಾನು ಕೇಳಿದ್ದಕ್ಕೆ, "ಮಾಸ್ತರ, ಬೆಳಕು ಗಂಟೀ ನೋಡಿ ಬರೂದಿಲ್ಲ, ನಿಮಿಷ ನೋಡಿ ಹೋಗತದ" ಎಂದಿರಿ. ಇನ್ನೊಂದು ಶಾಸನವೂ ಇತ್ತು. ನಿಮ್ಮ ಮೂರು ಕ್ಯಾಮೆರಾಗಳ ಪೈಕಿ ಯಾವುದರೊಳಗೆ ರೀಲು ಇದೆಯೋ ಅದರ ಬೆಲ್ಟಿಗೆ ಒಂದು ಕೆಂಪು ದಾರ. ದಾರವಿದ್ದರೆ ಬೆನ್ನಿನ ಬಾಗಿಲು ತೆರೆಯುವಂತಿಲ್ಲ, ದಾರವಿಲ್ಲದಿದ್ದರೆ ತೆರೆಯಬಹುದು. ಚೀಟಿ ಅಂಟಿಸಿ ಸ್ಪಷ್ಟವಾಗಿ ಬರೆಯಬಾರದೇಕೆ ಎಂದು ನಾನು ವಾದಿಸಿದ್ದೆ. "ಚೀಟಿ ಬಿಚ್ಚಿ ಬೀಳತದ, ದಾರ ಬೀಳೂದಿಲ್ಲ" ಎಂದಿರಿ. ದಾರ ತಾನಾಗಿ ಬೀಳಲಿಲ್ಲ, ರಾಯರೆ. ಅದನ್ನು ಮುಂದೆ ಹೇಳುತ್ತೇನೆ.

ಕಳೆದ ಚಳಿಗಾಲದಲ್ಲಿ ಆಲಮಟ್ಟಿ ಅಣೆಕಟ್ಟಿನ ಕಂಬಿಗಳ ಬಳಿ ನೀವು ಇದ್ದಕ್ಕಿದ್ದಂತೆ ಎರಡು ಕಣ್ಣಿನ ಕ್ಯಾಮೆರಾವನ್ನು ನನ್ನ ಕೊರಳಿಗೆ ಹಾಕಿದಿರಿ. "ಇಷ್ಟು ವರ್ಷ ಊರಾನ ಮಂದೀದು ತಗದೇನಿ. ನಂದs ಒಂದೂ ಇಲ್ಲ. ತಗೀರಿ." ನಾನು ಕೆಳಗೆ ಬಗ್ಗಿ ಗಾಜಿನಲ್ಲಿ ನೋಡಿದರೆ ನೀವು ಎಡಕ್ಕಿದ್ದಿರಿ. ನಡುವಿಗೆ ತರಲೆಂದು ಕ್ಯಾಮೆರಾ ತಿರುಗಿಸಿದರೆ ಇನ್ನಷ್ಟು ಎಡಕ್ಕೆ ಸರಿದಿರಿ. ಆ ಕನ್ನಡಿಯ ತಂತ್ರ ನನಗೆ ಕೊನೆಯವರೆಗೂ ಒಲಿಯಲಿಲ್ಲ. ನಾನು ತಿರುಗಿಸುತ್ತ, ದೂರ ಅಳೆಯುತ್ತ, ಬೆಳಕಿನ ಅಂಕಿಯನ್ನು ಎರಡೆರಡು ಸಲ ಪರೀಕ್ಷಿಸುತ್ತ... ನೀವು ಕೈಯೆತ್ತಿ ಕೂಗಿದಿರಿ: "ಮಾಸ್ತರ, ಜಲಾಶಯ ಖಾಲಿ ಆಗೂದ್ರಾಗ ಒತ್ತರಿ!" ಸಿಟ್ಟಿಗೆ ಒತ್ತಿಬಿಟ್ಟೆ. ನೀವು ಇನ್ನೂ ನಗುತ್ತಲೇ ಪುಸ್ತಕದಲ್ಲಿ ಅದನ್ನು ನಾಲ್ಕನೆಯದೆಂದು ಬರೆದುಕೊಂಡಿರಿ. ಆಮೇಲೆ ನನ್ನ ಮಂಡಿನೋವು. ವೈದ್ಯರು ಬಸ್ಸಿನ ಓಡಾಟವನ್ನು ನಿಲ್ಲಿಸಿದರು. ನೀವು ಒಬ್ಬರೇ ತಿರುಗಿದಿರಿ. ಮುಂಗಾರು ಹತ್ತಿರ ಬಂದಾಗ, ಇಷ್ಟು ಹೊತ್ತಿಗೆ ಆ ರೀಲು ಮುಗಿದಿರಬೇಕು ಎಂದುಕೊಂಡಿದ್ದೆ. ಆಗಲೇ ನಿಮ್ಮ ಸುದ್ದಿ ಬಂತು.

ಹದಿಮೂರನೆಯ ದಿನ ನಿಮ್ಮ ಮನೆಯ ಗೋಡೆಯ ಮೇಲೆ ಹಾರ ಹಾಕಿದ ಫೋಟೊ ನೋಡಿದೆ. ಪಿಂಚಣಿ ಪುಸ್ತಕದ ಚಿತ್ರವನ್ನು ಹಿಗ್ಗಿಸಿದ್ದರು. ಕಣ್ಣು ಗಾಬರಿಗೊಂಡಿತ್ತು, ಕತ್ತು ಬಿಗಿದಿತ್ತು. ವೈನಿಯವರು ನನ್ನ ಪಕ್ಕದಲ್ಲಿ ನಿಂತು, "ನೋಡ್ರಿ, ಯಾರೋ ಜಪ್ತಿ ಮಾಡಲಿಕ್ಕೆ ಬಂದವರಂಗ ಕಾಣಸ್ತಾರ. ಇವರು ಹಿಂಗ ಇದ್ರೇನು?" ಎಂದರು. ನಾನು ಇಲ್ಲವೆಂದೆ. "ಮಾಸ್ತರಿಗೆ ಕೊಡು ಅಂದಿದ್ರು" ಎಂದು ಮೂರು ಕ್ಯಾಮೆರಾಗಳನ್ನು ನನ್ನ ಕೈಗಿತ್ತರು. ಒರೆಸಿ, ಬೆಲ್ಟು ತೊಳೆದು, ಹೊಸವೆನ್ನುವಂತೆ ಮಾಡಿದ್ದರು.

ಇಂಡಿಗೆ ತಂದ ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ, ಪಡಸಾಲೆಯ ಬಾಗಿಲಲ್ಲಿ ಕುಳಿತು, ಲೆನ್ಸಿನ ಬೂಷ್ಟು ಒರೆಸಲೆಂದು ನಿಮ್ಮ ಎರಡು ಕಣ್ಣಿನ ಕ್ಯಾಮೆರಾ ಎತ್ತಿಕೊಂಡೆ. ದಾರವಿರಲಿಲ್ಲ. ಬೆನ್ನಿನ ಕೆಂಪು ಗಾಜಿನಲ್ಲಿ ಒಮ್ಮೆ ಇಣುಕಿದ್ದರೆ ಒಳಗಿನ ಕಾಗದದ ಅಂಕಿ ಕಾಣುತ್ತಿತ್ತು. ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆಯುವವರನ್ನು ಎಷ್ಟು ಬೈದಿದ್ದೆ... ಬಾಗಿಲು ತೆರೆದೆ. ಒಳಗೆ ರೀಲು! ಗಾಬರಿಯಲ್ಲಿ ಕೈ ತಗಲಿ ಮೇಲಿನ ಸುರುಳಿ ಸಡಿಲಿತು, ಎರಡು ಮೂರು ಸುತ್ತು ಬಿಚ್ಚಿಕೊಂಡಿತು. ಒತ್ತಿ ಸುತ್ತಿ ಮುಚ್ಚಿದೆ. ಎಷ್ಟು ಸೆಕೆಂಡು? ನಾಲ್ಕೇ, ಹತ್ತೇ? ಇಂಡಿಯ ಬಿಸಿಲಿಗೆ ಒಂದು ಸಾಕಲ್ಲವೆ? ಉಳಿದದ್ದನ್ನು ಕೊನೆಯವರೆಗೂ ತಿರುಗಿಸಿ, ಚಾದರದ ಅಡಿಯಲ್ಲಿ ಕೈಯಿಟ್ಟು ರೀಲು ಹೊರತೆಗೆದು, ಪಟ್ಟಿ ಅಂಟಿಸಿ, ಟ್ರಂಕಿನಲ್ಲಿಟ್ಟೆ. ತೊಳೆಸಿ ಚಿತ್ರ ಮೂಡಿಸಿ ನೋಡುವ ಧೈರ್ಯ ಬರಲಿಲ್ಲ. ಅದರೊಳಗೆ ನಿಮ್ಮ ನಗು ಇದ್ದರೂ ಇರಬಹುದಿತ್ತು. ತೊಳೆಸದಿದ್ದರೆ ಆ "ಇದ್ದರೂ ಇರಬಹುದು" ಆದರೂ ಉಳಿಯುತ್ತಿತ್ತು.

ಸಭೆಯ ಲೇಖನದ ನಾಲ್ಕನೆಯ ಪುಟದಲ್ಲಿ ನಾನು ಇದನ್ನೆಲ್ಲ ಇದ್ದಂತೆಯೇ ಬರೆದಿದ್ದೆ, ರಾಯರೆ. ಎಲ್ಲರೆದುರು ಒಪ್ಪಿಕೊಳ್ಳುವುದೆಂದೇ ಹೊರಟಿದ್ದೆ. ಸಭೆಗೆ ಅರ್ಧ ಗಂಟೆ ಮುಂಚೆ ವೈನಿಯವರು ಚಹಾ ಕೊಡುತ್ತ ಕೇಳಿದರು: "ಕ್ಯಾಮೆರಾದೊಳಗ ಅವರದೊಂದು ಫೋಟೊ ಅದಂತ, ನೀವs ತಗದದ್ದಂತ. ಹೌದೇನ್ರಿ? ರೀಲ್ ಇನ್ನೂ ಮುಗಿದಿಲ್ಲ, ನಾಕು ಉಳದಾವ ಅಂತಿದ್ರು." ನಾನು ಕಪ್ಪು ಕೆಳಗಿಟ್ಟು ಬಾಯಿ ತೆರೆಯುವಷ್ಟರಲ್ಲಿ ಅವರೇ ಮುಂದುವರಿಸಿದರು: "ನಿಮ್ಮ ಕಟ್ಟುನಿಟ್ಟು ಗೊತ್ತದಲ್ಲ ನನಗ, ಹೊಲಸು ವಸ್ತು ಹೆಂಗ ಕೊಡೂದು ಅಂತ ಎಲ್ಲಾ ತಿಕ್ಕಿ ಕೊಟ್ಟೇನಿ. ಬೆಲ್ಟಿಗೆ ಒಂದು ಎಣ್ಣೀ ಹತ್ತಿದ ಕೆಂಪು ದಾರ ಇತ್ತು ನೋಡ್ರಿ, ಅದನ್ನೂ ಕತ್ತರಿಸಿ ಒಗದೆ."

ಈಗ ಹೇಳಿ, ನಾನೇನು ಮಾಡಬೇಕಿತ್ತು? ನಾನು ಬಾಗಿಲು ತೆರೆದೆ ಎಂದರೆ ಅವರು ಏಕೆ ತೆರೆದಿರಿ ಎಂದು ಕೇಳುತ್ತಾರೆ. ದಾರವಿರಲಿಲ್ಲ ಎಂಬುದೇ ಅದಕ್ಕೆ ಉತ್ತರ. ಆ ಉತ್ತರ ಅವರ ತಲೆಯ ಮೇಲೆ ಎಂದೆಂದಿಗೂ... ಅವರು ಒಳಗೆ ಹೋದಾಗ ಆ ಭಾಗಕ್ಕೆ ಅಡ್ಡಗೆರೆ ಎಳೆದು ಬೇಸಿಗೆಯ ವಾಕ್ಯ ಬರೆದೆ. ಅವರನ್ನು ಕಾಪಾಡಲೆಂದು ಎಂದುಕೊಂಡೆ. ನನ್ನನ್ನೂ ಕಾಪಾಡಿಕೊಂಡೆನೆ? ಐದು ತಿಂಗಳಿನಿಂದ ಇದೇ ಪ್ರಶ್ನೆ ಎಬ್ಬಿಸಿ ಓಡಾಡಿಸುತ್ತಿದೆ. ಸಭೆ ಮುಗಿದ ಮೇಲೆ ಅವರು ನಿಮ್ಮ ಜೇಬಿನ ಪುಸ್ತಕವನ್ನೂ ಕೊಟ್ಟರು. "ಅವರ ಅಕ್ಷರ ನೋಡಲಿಕ್ಕೆ ನನ್ನ ಕೈಲೆ ಆಗೂದಿಲ್ರಿ. ಫೋಟೊ ಹೋತಂದ್ರ ಹೋತು, ಏನ್ ಮಾಡೂದು. ಇದನ್ನರೆ ನೀವು ಇಟಗೋರಿ." ಆ ರೀಲಿನ ಎಂಟು ನಮೂದುಗಳನ್ನು ಮನೆಯಲ್ಲಿ ಓದಿದೆ. ಐದನೆಯದು ಝಳಕಿಯ ಚಹಾದಂಗಡಿಯ ಕಿಟ್ಲಿ. ಆರನೆಯದು ಇಂಗಳೇಶ್ವರದ ಬಸ್ಸಿನ ಮೇಲೆ ಏರಿಸಿದ ಸೈಕಲ್ಲು. ಏಳನೆಯದು ನನ್ನ ಖಾಲಿ ಜಾಗ, ಸಿಂದಗಿಯ ಕಟ್ಟೆ. ಎಂಟನೆಯದು ವೈನಿಯವರೇ: "ಸುಮತಿ, ಜ್ವಾಳಾ ಹಸನ ಮಾಡುವಾಗ. ಆಕಿಗೆ ಗೊತ್ತಿಲ್ಲ." ಕೆಳಗೆ ತಾರೀಖು, ಗಂಟೆ, ನಿಮಿಷ. ಆಮೇಲೆ ಏನೂ ಇಲ್ಲ.

ನಿನ್ನೆ ಟ್ರಂಕು ತೆರೆದು ರೀಲನ್ನು ಸಿಂದಗಿಗೆ ಒಯ್ದೆ. ನಿಮ್ಮ ರೀಲುಗಳನ್ನೆಲ್ಲ ತೊಳೆದುಕೊಡುತ್ತಿದ್ದ ರಾಜೇಸಾಬರು ಸ್ಟುಡಿಯೊ ಮುಚ್ಚಿದ್ದರೂ ಮನೆಯ ಕತ್ತಲೆಕೋಣೆಯನ್ನು ಬಿಟ್ಟಿಲ್ಲ. ತೊಳೆದ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಸರ, ಝಳಕ್ಕ ಹೋಗೇತಿ ಅಂದಿದ್ರಲ್ಲ ಅವತ್ತು ಸಭಾದಾಗ?"

"ಅಂದಿದ್ದೆ."

"ಝಳಕ್ಕ ಹಿಂಗ ಕರ್ರಗಾಗೂದಿಲ್ರಿ. ಇದು ಬಾಗಲಾ ತಗದದ್ದು. ಯಾರ್ ತಗದ್ರು?"

"ನಾನು."

ಐದು ತಿಂಗಳಲ್ಲಿ ಆ ಮಾತು ನನ್ನ ಬಾಯಿಂದ ಮೊದಲ ಸಲ ಹೊರಬಿತ್ತು. ರಾಜೇಸಾಬರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನನ್ನ ತಮ್ಮ ನಿಮ್ಮ ಸಾಲ್ಯಾಗs ಕಲ್ತಾನ್ರಿ. ಸುಳ್ಳ ಹೇಳಿದ್ರ ಅಂವಗ ಏನ್ ಮಾಡ್ತಿದ್ರಿ?"

"ನೂರು ಸಲ ಬರೆಸುತ್ತಿದ್ದೆ."

"ಹಂಗಾರ ಕುಂತು ಬರೀರಿ" ಎಂದು ನಗುತ್ತ ಒಳಗೆ ಹೋದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನೂರು ಸಲವಲ್ಲ, ಒಂದೇ ಸಲ. ಆದರೆ ಪೂರ್ತಿ.

ಈಗ ಸುದ್ದಿ. ಎಂಟನೆಯದು, ಏಳನೆಯದು, ಆರನೆಯದು ಪೂರ್ತಿ ಸುಟ್ಟಿವೆ. ಐದನೆಯದರಲ್ಲಿ ಕಿಟ್ಲಿಯ ಹಿಡಿಕೆ ಮಾತ್ರ ಇದೆ. ನಾಲ್ಕನೆಯದು ಉಳಿದಿದೆ, ರಾಯರೆ! ನೀವು ಆಮೇಲೆ ತೆಗೆದ ನಾಲ್ಕೂ ಅದರ ಮೇಲೆ ಸುತ್ತಿಕೊಂಡಿದ್ದವು. ಬೆಳಕು ಮೊದಲು ಮುಟ್ಟಿದ್ದು ಎಲ್ಲಕ್ಕೂ ಹೊರಗಿದ್ದ ಎಂಟನೆಯದನ್ನು. ಒಳಗಿದ್ದ ನಿಮ್ಮ ತನಕ ಅದು ಬರಲಿಲ್ಲ. ಪ್ರಿಂಟಿನಲ್ಲಿ ಅಂಚಿನಿಂದ ಒಂದು ಬಿಳಿಯ ಸೀಳು ನಿಮ್ಮ ಕಿವಿಯವರೆಗೆ ಬಂದು ನಿಂತಿದೆ. ಚಿತ್ರ ಶುದ್ಧವಾಗಿಲ್ಲ, ಒಪ್ಪುತ್ತೇನೆ. ಬಲಗಡೆಯ ಭುಜ ತುಂಡಾಗಿದೆ, ಎಡಗಡೆ ಅನಾವಶ್ಯಕವಾಗಿ ಅಷ್ಟು ನೀರು. ಆದರೆ ಬಾಯಿ ತೆರೆದು, ಕನ್ನಡಕ ಮೂಗಿನ ತುದಿಗಿಳಿದು, ಒಂದು ಕೈ ಮೇಲೆತ್ತಿ ನೀವು ನನ್ನನ್ನು ಬೈಯುತ್ತ ನಗುತ್ತಿದ್ದೀರಿ. ಜಪ್ತಿಗೆ ಬಂದವರಂತೆ ಕಾಣುವುದಿಲ್ಲ.

ಇನ್ನು ಅರ್ಧ ಗಂಟೆಗೆ ಬಾಗೇವಾಡಿಯ ದಾರಿ ಹಿಡಿಯುತ್ತೇನೆ. ಚಿತ್ರವನ್ನು ಕೈಗೆ ಕೊಡುವುದಕ್ಕೆ ಮೊದಲೇ ಹೇಳುತ್ತೇನೆ: ಬಾಗಿಲು ತೆರೆದವನು ನಾನು, ಕೆಂಪು ಗಾಜಿನಲ್ಲಿ ನೋಡದೆ ತೆರೆದೆ, ಸಭೆಯಲ್ಲಿ ಸುಳ್ಳು ಓದಿದೆ. ನೀವು ಕೊನೆಯದಾಗಿ ತೆಗೆದ ಚಿತ್ರ ನನ್ನಿಂದ ಹೋಯಿತು ಎಂದೂ ಹೇಳುತ್ತೇನೆ. ಅದು ಯಾರದಿತ್ತು ಎಂಬುದು ಅವರಿಗೆ ಗೊತ್ತಿಲ್ಲವಲ್ಲ. ಪುಸ್ತಕ ತೆರೆದು ಎಂಟನೆಯ ನಮೂದನ್ನು ನಿಮ್ಮ ಅಕ್ಷರ ತೋರಿಸದೆ, ಬರೀ ಓದಿ ಹೇಳುತ್ತೇನೆ. ಆಮೇಲೆ ಅವರು ಏನೆನ್ನುತ್ತಾರೋ, ಅನ್ನಲಿ. ಚಹಾ ಕೊಡದೆ ಕಳಿಸಿದರೂ ಸರಿ.

ಒಂದನ್ನು ಮಾತ್ರ ಹೇಳುವುದಿಲ್ಲ. ದಾರವಿತ್ತೆ, ಇರಲಿಲ್ಲವೆ, ಏಕಿರಲಿಲ್ಲ ಎಂಬುದನ್ನು. ಕೇಳಿದರೆ ಅವಸರ ಮಾಡಿದೆ ಎನ್ನುತ್ತೇನೆ. ಅದೂ ನಿಜವೇ. ಇಷ್ಟು ವರ್ಷಗಳಲ್ಲಿ ತಿಳಿದೂ ತಿಳಿದೂ ತಿದ್ದದೆ ಬಿಡುತ್ತಿರುವುದು ಇದೊಂದನ್ನೇ. ಈ ಪತ್ರವೂ ನಿಮ್ಮ ಪುಸ್ತಕದ ಜೊತೆ ನನ್ನ ಟ್ರಂಕಿನಲ್ಲೇ ಇರುತ್ತದೆ. ನಿಮಗೂ ಇದೇ ಸರಿಯೆನಿಸುತ್ತದೆ ಎಂದುಕೊಂಡಿದ್ದೇನೆ, ಆದರೆ ನೀವು ಹೌದೆನ್ನುವುದನ್ನು ಕೇಳದೆ ಮನಸ್ಸು ನಿಲ್ಲುತ್ತಿಲ್ಲ.

ಬೆಳಿಗ್ಗೆ ಎದ್ದು ನಿಮ್ಮ ಕ್ಯಾಮೆರಾಕ್ಕೆ ಹೊಸ ರೀಲು ತುಂಬಿದೆ. ಬೆಲ್ಟಿಗೆ ಕೆಂಪು ದಾರ ಕಟ್ಟಿದ್ದೇನೆ, ಎರಡು ಗಂಟು ಹಾಕಿ. ವೈನಿಯವರು ಒಪ್ಪಿದರೆ ಮೊದಲನೆಯದು ಅವರದು, ಈ ಸಲ ಅವರಿಗೆ ಗೊತ್ತಿರುವಂತೆ. ಕನ್ನಡಿಯಲ್ಲಿ ಅವರು ಎಡಕ್ಕೆ ಸರಿದರೆ ನಾನು ಯಾವ ಕಡೆ ತಿರುಗಬೇಕು, ರಾಯರೆ? ನೀವು ಹೇಳಿದ್ದಿರಿ, ಈಗ...

ನಿಮ್ಮ ಮಾಸ್ತರ

ಇಂಡಿ
ರವಿವಾರ, ೧೪ ಡಿಸೆಂಬರ್ ೨೦೨೫
ಬೆಳಿಗ್ಗೆ ೭ ಗಂಟೆ ೪೨ ನಿಮಿಷ