ಜೊಂಡು ಒಣಗುತ್ತಿರುವ ಸಮಾಚಾರ

ಕೈಲಾಂಚ ಹೋಬಳಿ
೯ ಮಾರ್ಚ್ ೨೦೨೫

ಬಚ್ಚಲು ನೀರಿಗೆ ಮೋಕ್ಷ ಕರುಣಿಸುವ ಜೊಂಡಿನ ತೊಟ್ಟಿಯ ಮಹಾರಾಣಿ, ನನ್ನ ಬೈರಮ್ಮತ್ತೆಗೆ,

ಲತಾಮಣಿ ಅಡ್ಡಬಿದ್ದು ಬರೆಯುವುದೇನೆಂದರೆ, ನೀನು ಫೋನ್ ಎತ್ತುತ್ತಿಲ್ಲ. ದೊಡ್ಡಮಳೂರಿನಲ್ಲಿ ನಿನ್ನ ತಂಗಿ ಮಗಳು ರಮ್ಯಾ ಇದನ್ನು ಓದಿ ಹೇಳಲಿ. ರಮ್ಯಾ, ನಡುವೆ ನಿಲ್ಲಿಸಬೇಡಮ್ಮ.

ಸಮಾಚಾರ ಒಂದೇ: ಜೊಂಡು ಒಣಗುತ್ತಿದೆ. ಊರ ಬಚ್ಚಲು ನೀರೆಲ್ಲ ಆ ಜಲ್ಲಿ ತೊಟ್ಟಿಗಿಳಿದು, ಜೊಂಡಿನ ಬೇರುಗಳ ನಡುವೆ ಸೋಸಿ, ತಿಳಿಯಾಗಿ ಹಿಪ್ಪುನೇರಳೆ ತೋಟಗಳಿಗೆ ಹರಿಯುತ್ತಿತ್ತು. ಆರು ವರ್ಷ ನೀನು ಮನೆಮನೆಗೆ ಹೋಗಿ, "ಆಸಿಡ್ ಉಯ್ಬ್ಯಾಡ್ರವ್ವಾ, ನನ್ ಜೊಂಡು ಸತ್ತೋಯ್ತದೆ" ಎಂದು ಬೇಡಿದೆ. ಆಸಿಡ್ಡಿಗೆ ಬಗ್ಗದ ಜೊಂಡು ಒಂದು ಹಾಳೆ ಕಾಗದಕ್ಕೆ ಬಗ್ಗಿತು.

ಡೈರಿ ಗೋಡೆಯ ಮೇಲಿನ ಆ ಹಾಳೆ, ಕಪ್ಪು ಅಂಚಿನದು: ಬಚ್ಚಲು ನೀರಿನ ಸೊಪ್ಪು ತಿಂದು ಅಕಾಲ ಮರಣಕ್ಕೀಡಾದ ಬೈರಮ್ಮನವರ ರೇಷ್ಮೆ ಹುಳುಗಳಿಗೆ ಭಾವಪೂರ್ಣ ಶ್ರದ್ಧಾಂಜಲಿ. "ಏನ್ ಬರ್ದವ್ರೆ, ಓದವ್ವ" ಎಂದು ನೀನು ನನ್ನನ್ನೇ ಕೇಳಿದೆ. ಓದಿದೆ. ಬರೆದವರನ್ನು ಮನೆಹಾಳರೆಂದು ಮೊದಲು ಬೈದವಳೂ ನಾನೇ.

ಬರೆದವಳೂ ನಾನೇ ಅತ್ತೆ.

ಊರನ್ನು ನಗಿಸುವುದು ನನ್ನ ಹಳೇ ಚಾಳಿ, ಇದನ್ನೂ ನಗಿಸಲೆಂದೇ ಬರೆದೆ. "ಸತ್ತಿಲ್ಲ, ಒಸಿ ಬಂದು ನೋಡ್ರಪ್ಪಾ" ಎಂದು ನೀನು ಹುಳು ಮನೆಯ ಬಾಗಿಲು ತೆರೆದು ಕೂಗಿದೆ. ರೋಗದ ಸುದ್ದಿಯಿರುವ ಹುಳು ಮನೆಗೆ ಯಾರು ಕಾಲಿಡುತ್ತಾರೆ? ರೋಗ ಕಾಲಿಗಂಟಿ ತಮ್ಮ ಹುಳುಗಳಿಗೂ ಬಂದೀತೆಂಬ ಭಯ. ನಮ್ಮ ಮನೆಯಲ್ಲೂ ಹುಳು ಸಾಕುತ್ತೇವೆ. ಆದರೂ ತಮಾಷೆ ಕಟ್ಟುವಾಗ ಇದು ಹೊಳೆಯಲಿಲ್ಲ. ಸಂಜೆಯೊಳಗೆ, ಡೈರಿಯಲ್ಲಿ ಹಾಲು ಅಳೆಯುವ ಅಂಕಯ್ಯ ಚರಂಡಿಗೆ ಮರಳು ಮೂಟೆ ಒಡ್ಡಿ ನೀರನ್ನು ಕೆರೆಗೆ ತಿರುಗಿಸಿದ. ನೀನು ಬಿಂದಿಗೆಯಲ್ಲಿ ಬಚ್ಚಲು ನೀರು ಹೊತ್ತು ಜೊಂಡಿಗೆ ಸುರಿದೆ. ನಾನೂ ಹೊತ್ತೆ, ಬಾಯಿ ಬಿಡಲಿಲ್ಲ. ನಿನ್ನ ಹುಳುಗಳು ದಪ್ಪದಪ್ಪ ಗೂಡು ಕಟ್ಟಿದವು. ಬೇರೆ ತೋಟದ ಸೊಪ್ಪು ಹಾಕಿರಬೇಕು ಎಂದರು ಊರವರು. ಗೂಡು ಮಾರಲು ರಾಮನಗರಕ್ಕೆ ಹೋದವಳು ನೀನು ಮರಳಲಿಲ್ಲ, ಅಲ್ಲಿಂದಲೇ ತಂಗಿ ಮನೆ ಸೇರಿದೆ.

ಇವತ್ತು ಜಲ್ಲಿ ಕೆದಕಿ ನೋಡಿದೆ. ಬೇರು ಇನ್ನೂ ಹಸಿಯಿದೆ. ನಾಳೆ ಡೈರಿ ಮುಂದೆ ಎಲ್ಲ ಒಪ್ಪಿಕೊಂಡು ಮೂಟೆ ತೆಗೆಸುತ್ತೇನೆ. ಬಂದು ನನಗೆ ಎರಡು ಬಾರಿಸು, ಆದರೆ ಬಾ.

ಇಂತಿ, ಬಿರುದು ಬಾವಲಿಗಳನ್ನೆಲ್ಲ ಕಳಚಿಟ್ಟ,
ನಿನ್ನ ಲತಾ

ಇನ್ನೊಂದು ಮಾತು (೧೦ನೇ ತಾರೀಕು): ಒಪ್ಪಿಕೊಂಡೆ ಅತ್ತೆ. ಅಳುತ್ತಲೇ ಹೇಳಿದೆ. ಅಂಕಯ್ಯ ಹಾಲು ಚೆಲ್ಲುವಷ್ಟು ನಕ್ಕ. "ಬೈರಮ್ಮುನ್ ಮಾನ ಕಾಯಕ್ಕೆ ಏನ್ ನಾಟ್ಕ ಕಟ್ಟವ್ಳೆ ನೋಡ್ರಲಾ, ಕಣ್ಣೀರೂ ನಿಜ್ದಂಗೇ ಐತೆ!" ಎಂದ. ಒಬ್ಬಳೇ ಹೋಗಿ ಮೂಟೆ ಎಳೆಯತೊಡಗಿದೆ. ಅದನ್ನೂ ನಿಂತು ವಿಡಿಯೊ ಮಾಡಿಕೊಂಡರು.