ಮಾಳಿಗೆ ಕಿತ್ತು ತಗಡು ಹೊದಿಸಿದ ಮೇಲೆ

ಕಿನ್ನಾಳ
ತಾ. ೧೨ ಜುಲೈ ೧೯೩೮

ಗೆಳೆಯ ಶಫೀಸಾಬನಿಗೆ ನಿನ್ನ ಗಿಡ್ಡಪ್ಪನ ಶರಣು, ಸಲಾಮು.

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಸಿಟ್ಟಿನಲ್ಲಿ ಬರೆಯಲು ಕೂತರೆ ಲೇಖಣಿ ಮುರಿದೀತೆಂದು ಸುಮ್ಮನಿದ್ದೆ. ಇವತ್ತು ಮುರಿದರೆ ಮುರಿಯಲಿ! ಗಂಗಾವತಿಯಲ್ಲಿ ನಿನ್ನ ಮನೆಯವರು ಮೆಹರುನಬಿ, ಮಕ್ಕಳು ಎಲ್ಲ ಕ್ಷೇಮವೆಂದು ನಂಬಿದ್ದೇನೆ. ಇನ್ನು ನಮ್ಮ ಕ್ಷೇಮದ ಕಥೆ ಕೇಳು. ಕೇಳಿ ನೀನೇ ಜವಾಬು ಹೇಳು, ಯಾಕೆಂದರೆ ಕಡ್ಡಿ ಗೀರಿದವನು ನೀನು.

ಬಯಲಾಟದಲ್ಲಿ ಅರಸನಾದ ನನ್ನ ಪಕ್ಕದ ರಾಣಿಯ ವೇಷ ಬಿಟ್ಟು ನೀನು ಅಕ್ಕಿ ಗಿರಣಿ ಸೇರಿದೆ. ಹೋದ ವರ್ಷ ನಾನು ಅಲ್ಲಿಗೆ ಬಂದಾಗ ಏನಂದೆ? "ಮ್ಯಾಲೆ ನೋಡಪಾ ಗಿಡ್ಡಣ್ಣ, ಬಿಳಿ ತಗಡು! ಎಷ್ಟ ಮಳಿಗಾಲ ಹೋದ್ರೂ ಒಂದು ಕಾಳು ತೊಯ್ದಿಲ್ಲ." ಅಂದೇ ನನ್ನ ತಲೆಯಲ್ಲಿ ತಗಡು ಹೊಕ್ಕಿತು.

ಮನೆಯ ಮೇಲಿನ ನಮ್ಮ ಚಪ್ಪಟೆ ಮಣ್ಣಿನ ಮಾಳಿಗೆ ನಿನಗೆ ಗೊತ್ತು. ಮಳೆಗೆ ಮುಂಚೆ ಪ್ರತಿವರ್ಷ ನೀರು ಇಳಿಸದ ಸವುಳು ಮಣ್ಣು ತರಬೇಕು, ಬುಟ್ಟಿ ಹೊತ್ತು ಏಣಿ ಹತ್ತಬೇಕು, ಬಡಿದು ಗಟ್ಟಿ ಮಾಡಬೇಕು. ಹೊರುವವಳು ಯಾರು? ನನ್ನ ಹೆಂಡತಿ ಹುಲಿಗವ್ವ. ಇಷ್ಟಾದರೂ ಆಷಾಢ ಬಂತೆಂದರೆ ಮನೆಯ ತುಂಬ ಸೋರುವ ಕಡೆಗೆಲ್ಲ ಗಡಿಗೆ! ಜಂತಿಯ ಸಂದಿನಿಂದ ಹಾಸಿಗೆಗೆ ಚೇಳು! ಆಕೆಯ ನಡುವಿನ ನೋವು ನೋಡಲಾರದೆ ನಿಶ್ಚಯ ಮಾಡಿದೆ. ಆಕೆ ತಮ್ಮನ ಮದುವೆಗೆಂದು ತವರಿಗೆ, ತಳಕಲ್ಲಿಗೆ, ಹೋದ ಹೊತ್ತು ನೋಡಿ ಮಾಳಿಗೆ ಕೆಡವಿಸಿದೆ. ಕೊಪ್ಪಳದ ಠೇಶನ್ನಿನಿಂದ ಬಂಡಿಯಲ್ಲಿ ತಗಡು ತರಿಸಿ ಇಳಿಜಾರಾಗಿ ಹೊದಿಸಿದೆ. ಬಿಸಿಲಿಗೆ ಅದು ಹೊಳೆಯಿತು ನೋಡು, ಅರಸನ ಕಿರೀಟವೇ!

ಆಕೆ ಬಂದಳು. ನಾನು ಬಾಗಿಲಲ್ಲಿ ಎದೆ ಸೆಟೆಸಿ ನಿಂತಿದ್ದೆ. ಗಂಟು ತಲೆಯ ಮೇಲೆ ಹಾಗೇ ಇತ್ತು, ಇಳಿಸಲಿಲ್ಲ.

"ನನ್ನ ಮಾಳಿಗಿ ಎಲ್ಲೈತ್ರಿ?"

"ಹೋತು! ಇನ್ನ ಮಣ್ಣು ಹೊರೂದೂ ಹೋತು!"

"ಆಟಕ್ಕ ನಾ ಎಲ್ಲಿ ಕುಂದರ್ಲಿ?"

ಇದಾ ಪ್ರಶ್ನೆ? ಆಟದ ಬಯಲು ನಮ್ಮ ಮನೆಯೆದುರಿಗೇ ಇರುವುದು ನಿಜ, ಓಣಿಯ ಹೆಂಗಸರು ನಮ್ಮ ಮಾಳಿಗೆ ಹತ್ತಿ ಕೂತು ನೋಡುತ್ತಿದ್ದುದೂ ನಿಜ. "ನೆಲ ಕಡಿಮಿ ಬಿದ್ದೈತೇನು? ಕೆಳಗ ಕುಂದರು!" ಅಂದೆ. ಆಕೆ ಗಂಟು ಇಳಿಸಿ ಒಲೆಯ ಮುಂದೆ ಹೋದಳು.

ಓಣಿಯವರದು ಬೇರೆ ಕಾಟ. ಪಕ್ಕದ ಮನೆಯ ಉಡಚಮ್ಮ ಶಾವಿಗೆಯ ಮೊರ ಹಿಡಿದು ಬಂದವಳು ಮೇಲೆ ನೋಡಿ, "ಗಿಡ್ಡಪ್ಪ ಮಾವಾ, ಒಣಗಸಾಕ ಜಾಗಾ ಹೋದ್ರೂ ಚಿಂತಿಲ್ಲ ಬಿಡ್ರಿ. ಈ ತಗಡಿನ ಮ್ಯಾಲೆ ಒಗದ್ರ ಹುರದs ಕೆಳಗ ಬೀಳತೈತಿ" ಎಂದು ಓಣಿಗೆಲ್ಲ ಕೇಳುವಂತೆ ನಕ್ಕಳು. ಕೋತಿಗಳು ಹಾರಿದರೆ ಮನೆಯೊಳಗೆ ರಣಭೇರಿ. ಮಧ್ಯಾಹ್ನ ಒಳಗಿದ್ದರೆ ನಾವೇ ರೊಟ್ಟಿ. ಆದರೂ ನಾನು ಸೋಲಲಿಲ್ಲ, ಶಫೀ. ಮಳೆ ಬರಲಿ, ಆಗ ಎಲ್ಲರ ಬಾಯಿ ಮುಚ್ಚುತ್ತದೆ ಎಂದು ಕಾದೆ.

ಬಂತು. ಒಂದು ಹನಿ ಸೋರಲಿಲ್ಲ! ನಡುಮನೆಯಲ್ಲಿ ನಿಂತು ಕೈಯೆತ್ತಿ, "ನೋಡs ಹುಲಿಗವ್ವಾ! ಗಡಿಗಿ ಎಲ್ಲಿ? ಚೇಳು ಎಲ್ಲಿ?" ಎಂದು ಆರ್ಭಟಿಸಿದೆ. ಆಕೆ ಕಿವಿಗೆ ಕೈ ಹಚ್ಚಿದಳು. ಊರಾಚೆಯ ಹೊಲದವರೆಗೆ ಮುಟ್ಟುವ ನನ್ನ ದನಿ ತಗಡಿನ ಮೇಲಿನ ಮಳೆಯ ಸದ್ದಿಗೆ ಮಾರುದೂರದ ಹೆಂಡತಿಗೆ ಮುಟ್ಟಲಿಲ್ಲ! ಆಕೆಯೂ ಏನೋ ಅಂದಳು, ತುಟಿ ಮಾತ್ರ ಕಂಡಿತು. ಮಳೆ ನಿಂತ ಮೇಲೆ ಕೇಳಿದೆ. "ಏನಿಲ್ರಿ, ಊಟಕ್ಕ ಏಳ್ರಿ ಅಂದ್ನಿ." ಅಷ್ಟೇ. ಛಲೋ ಆತು ಅನ್ನಲಿಲ್ಲ, ಕೆಟ್ಟಾತು ಅನ್ನಲಿಲ್ಲ. ಬೈದಿದ್ದರೆ ಜಗಳಾಡಬಹುದಿತ್ತು. ಬೈಯದ ಹೆಂಗಸಿನ ಮುಂದೆ ಯಾವ ಅರಸ ಗೆದ್ದಾನು?

ಅದಕ್ಕೇ ಬೇಡುತ್ತೇನೆ. ಮೆಹರುನಬಿಯವರನ್ನು ಕರೆದುಕೊಂಡು ಒಮ್ಮೆ ಬಾ. ತಗಡಿನ ಗುಣವನ್ನು ಅವರ ಬಾಯಿಂದ ಹೇಳಿಸು. ಅವರ ಮಾತನ್ನಾದರೂ ಕೇಳಿಯಾಳು. ಈ ಸಲದ ಆಟದ ವಿಚಾರ ಕೇಳಿದ್ದೀಯ. ಆಯಿತು, ಮುಗಿಯಿತು, ಅದರ ಮಾತು ಬೇಡ.

ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಗಿರಣಿ ಚೆನ್ನಾಗಿ ನಡೆಯಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ
ಗಿಡ್ಡಪ್ಪ

ತಾ. ಕ.: ಲಕೋಟೆಗೆ ಅಂಟು ಹಚ್ಚುವವನು ನಿಲ್ಲಿಸಿದೆ. ನಿನ್ನ ಹತ್ತಿರ ಮುಚ್ಚಿಟ್ಟು ಏನು ಮಾಡಲಿ?

ಆಟದಲ್ಲಿ ಮಾತು ಮರೆತಾಗ ನಾನು ತಲೆಯೆತ್ತಿ ಮುಗಿಲು ನೋಡುತ್ತಿದ್ದೆ, ನೆನಪಿದೆಯಾ? ಅರಸನ ಗತ್ತು ಅಂದರೆ ಅದು ಎಂದು ಜನ ಹೊಗಳುತ್ತಿದ್ದರು. ನಾನು ನೋಡುತ್ತಿದ್ದುದು ಮಾಳಿಗೆಯ ಮೂಲೆಯನ್ನು. ಅಲ್ಲಿ ಹುಲಿಗವ್ವ ಕೂತಿರುತ್ತಿದ್ದಳು. ಮನೆಯಲ್ಲಿ ನನ್ನ ತಾಲೀಮು ಕೇಳಿ ಕೇಳಿ ಆಕೆಗೆ ಎಲ್ಲ ಬಾಯಿಪಾಠ. ಯುದ್ಧದ ಮಾತಾದರೆ ಮುಷ್ಟಿ ಎತ್ತುವಳು, ರಾಣಿಯ ಮಾತಾದರೆ ತಾಳಿ ಮುಟ್ಟುವಳು. ಅಷ್ಟು ಸಿಕ್ಕರೆ ಸಾಕು, ನನಗೆ ಪದ ಹರಿದು ಬರುತ್ತಿತ್ತು.

ಈ ಸಲ ಕಡೆಯ ಪ್ರವೇಶದಲ್ಲಿ, ಮೂಡಲು ಕೆಂಪಾಗುವ ಹೊತ್ತಿಗೆ, ನನ್ನ ಮಾತು ನಿಂತಿತು. ತಲೆಯೆತ್ತಿದೆ. ತಗಡಿಗೆ ಎಳೆಬಿಸಿಲು ಬಿದ್ದು ಕಣ್ಣಿಗೆ ಹೊಡೆಯಿತು. ಮದ್ದಳೆ ಬಾರಿಸಿದರು, ಮತ್ತೆ ಬಾರಿಸಿದರು. ಕಡೆಗೆ ಜನ ಎದ್ದುಹೋದರು.

ನಿನ್ನೆ ತಡೆಯಲಾರದೆ ಕೇಳಿಬಿಟ್ಟೆ: "ಮಾಳಿಗಿ ಇಲ್ಲಂದ್ರ ಏನಾತು, ಆಟಕ್ಕರ ಬರಬಾರದಿತ್ತೇನು?"

"ಬಂದಿದ್ನಲ್ರಿ. ನೀವು ಹೇಳಿದಂಗ ಕೆಳಗ, ಮುಂದಿನ ಸಾಲಿನ್ಯಾಗ ಕುಂತಿದ್ನಿ. ಕೈ ಸೋಲೂತನಕ ಮುಷ್ಟಿ ಎತ್ತಿದ್ನಿ. ನೀವು ಮ್ಯಾಲs ನೋಡಾಕತ್ತಿದ್ರಿ."